‘ಆರಾಮ ಅದೀನಿ’ ಎಂಬ ಸುಳ್ಳು

ಕಳೆದ ತಿಂಗಳು ನಾಸಿಕ್‌ನಿಂದ ನಮ್ಮ ತಂಡದ ಹುಡುಗನೊಬ್ಬ ಫೋನ್ ಮಾಡಿದ್ದ. ಹಾಸನ ಕಡೆಯವನು, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದೆ. ವಾರಕ್ಕೊಂದು ದಿನ ಆಫೀಸು, ಉಳಿದ ದಿನ ಬಾಡಿಗೆ ರೂಮಿನಿಂದಲೇ ಕೆಲಸ. ಕೋಡ್ ರಿವ್ಯೂ ಮಾತು ಮುಗಿದರೂ ಫೋನ್ ಇಡಲಿಲ್ಲ. ‘ಸರ್, ಇನ್ನೊಂದೈದು ನಿಮಿಷ ಮಾತಾಡಬಹುದಾ? ಶುಕ್ರವಾರದಿಂದ ಯಾರ ಹತ್ರನೂ ಬಾಯಿಬಿಟ್ಟು ಮಾತಾಡಿಲ್ಲ’ ಎಂದ. ಅಂದು ಸೋಮವಾರ ಮಧ್ಯಾಹ್ನ.

ಕೊರೊನಾ ಕಾಲ ಮುಗಿಯಿತು ಎಂದು ನಾವೆಲ್ಲ ಮಾಸ್ಕ್ ತೆಗೆದು ಎಷ್ಟೋ ವರ್ಷವಾಯಿತು. ಆ ಹುಡುಗನ ದನಿಯಲ್ಲಿ ಮಾತ್ರ ನನಗೆ 2020ರ ಏಪ್ರಿಲಿನ ನನ್ನದೇ ದನಿ ಕೇಳಿಸಿತು.

ಆಗ ನಾನಿದ್ದದ್ದು ಔರಂಗಾಬಾದಿನಲ್ಲಿ. 2023ರಿಂದ ಅದು ಛತ್ರಪತಿ ಸಂಭಾಜಿನಗರ. ಎಂ.ಟೆಕ್ ಮುಗಿಸಿ, ವಾಳುಜ್ ಕೈಗಾರಿಕಾ ಪ್ರದೇಶದ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೆಂದು ಬಂದವನು. ಬೀಡ್ ಬೈಪಾಸ್ ಹತ್ತಿರ ಮೊದಲ ಮಹಡಿಯಲ್ಲಿ ಒಂದು ರೂಮು. ನನ್ನೂರು ವಿಜಯಪುರ ಜಿಲ್ಲೆಯ ಕೊಲ್ಹಾರ. ನಕ್ಷೆ ನೋಡಿದರೆ ತಮಾಷೆಯಾಗಿದೆ: ಈ ಊರಿನ ರಾಷ್ಟ್ರೀಯ ಹೆದ್ದಾರಿ 52 ಹಿಡಿದು ಹೊರಟರೆ ಬೀಡ, ಸೊಲ್ಲಾಪುರ, ವಿಜಯಪುರ ದಾಟಿ ನೇರ ಕೊಲ್ಹಾರ. ಸುಮಾರು 450 ಕಿ.ಮೀ., ದಾರಿ ಬದಲಿಸುವ ಪ್ರಮೇಯವೇ ಇಲ್ಲ. ಅಲ್ಲಿಂದ ಕೃಷ್ಣೆ ದಾಟಿ ಹುಬ್ಬಳ್ಳಿ, ಕೊನೆಗೆ ಅಂಕೋಲೆಯ ಕಡಲು. ತಿಂಗಳಿಗೊಮ್ಮೆ ರಾತ್ರಿ ಬಸ್ ಹತ್ತುತ್ತಿದ್ದೆ. ವಾಪಸ್ ಬರುವಾಗ ಕೈಯಲ್ಲಿ ಗಡಿಗೆ ಮೊಸರು. ಕೊಲ್ಹಾರದ ಮೊಸರು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ.

2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ 21 ದಿನಗಳ ಲಾಕ್‌ಡೌನ್ ಘೋಷಣೆಯಾಯಿತು. ಮಹಾರಾಷ್ಟ್ರದಲ್ಲಿ ಹಿಂದಿನ ದಿನವೇ ಕರ್ಫ್ಯೂ, ಜಿಲ್ಲೆಗಳ ಗಡಿ ಬಂದ್. ರೈಲೂ ನಿಂತಿತ್ತು. ಒಂದೇ ರಸ್ತೆಯ ಈ ತುದಿಯಲ್ಲಿ ನಾನು, ಆ ಕಡೆ ಅಪ್ಪ ತೀರಿಕೊಂಡ ಮೇಲೆ ಒಬ್ಬಳೇ ಇದ್ದ ಅವ್ವ. ಅವಳಿಗೆ ಸಕ್ಕರೆ ಕಾಯಿಲೆ.

ದಿನಾ ಸಂಜೆ ಏಳೂವರೆಗೆ ಅವಳ ಫೋನು.

‘ಉಂಡ್ಯೇನೋ ತಮ್ಮಾ? ಆರಾಮ ಅದಿಯಿಲ್ಲೋ?’

‘ಆರಾಮ ಅದೀನಿ ಬೇ. ನೀ?’

‘ನನಗೇನಾಗೇತಿ? ಆರಾಮ ಅದೀನಿ.’

ಎರಡು ನಿಮಿಷಕ್ಕೆ ಮಾತು ಮುಗಿಯುತ್ತಿತ್ತು. ಎರಡು ತಿಂಗಳು ಇದೇ ಸಂಭಾಷಣೆ.

ಮೊದಲ ವಾರ ಹಬ್ಬದಂತಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು. ವಾಳುಜ್ ಬಸ್ಸಿನ ನೂಕಾಟವಿಲ್ಲ, ಇಸ್ತ್ರಿ ಮಾಡಿದ ಅಂಗಿ ಬೇಡ. ನನಗೆ ಏಕಾಂತ ಇಷ್ಟವೇ. ಮೂರನೆಯ ವಾರದ ಒಂದು ಸೋಮವಾರ ಬೆಳಗಿನ ಮೀಟಿಂಗಿನಲ್ಲಿ ಮೈಕ್ ಆನ್ ಮಾಡಿ ಮಾತಾಡಲು ಹೋದೆ, ಗಂಟಲಿನಿಂದ ಗಾಳಿ ಮಾತ್ರ ಬಂತು. ಹಿಂದಿನ ಎರಡು ದಿನದಲ್ಲಿ ಅವ್ವನಿಗೆ ಹೇಳಿದ ‘ಆರಾಮ ಅದೀನಿ’ ಬಿಟ್ಟರೆ ನನ್ನ ಬಾಯಿಂದ ಶಬ್ದವೇ ಹೊರಟಿರಲಿಲ್ಲ. ಪಕ್ಕದ ಮನೆಯ ಟಿ.ವಿ.ಯಲ್ಲಿ ಬೆಳಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ ದೂರದರ್ಶನದ ಹಳೆಯ ರಾಮಾಯಣ ಬರುತ್ತಿತ್ತು. ನಾನು ಗೋಡೆಗೆ ಒರಗಿ ಕೂತು ಕೇಳುತ್ತಿದ್ದೆ. ಭಕ್ತಿಯಿಂದಲ್ಲ. ಕಥೆಯ ನಡುವೆ ಆ ಮನೆಯವರು ಆಡುವ ಮಾತು ಕೇಳಲಿ ಎಂದು.

ಒಂಟಿತನ ಎಂದರೆ ಅಳು, ಬೇಸರ ಎಂದುಕೊಂಡಿದ್ದೆ. ನನ್ನಲ್ಲಿ ಅದು ಸಿಟ್ಟಾಗಿ ಬಂತು. ಮೇಲಿನ ಮನೆಯ ಕುಕ್ಕರ್ ಸೀಟಿಗೆ ಸಿಟ್ಟು, ನೆಟ್‌ವರ್ಕ್ ಹೋದರೆ ಸಿಟ್ಟು. ಒಂದು ಸಣ್ಣ ಬಗ್ ವಿಷಯಕ್ಕೆ ಟೆಸ್ಟಿಂಗ್‌ನ ಸಹೋದ್ಯೋಗಿ ಹೆಣ್ಣುಮಗಳ ಮೇಲೆ ಎಲ್ಲರ ಮುಂದೆ ಕೂಗಾಡಿದೆ. ತಪ್ಪು ನನ್ನ ಕೋಡಿನಲ್ಲೇ ಇತ್ತು. ಮರುದಿನ ಕ್ಷಮೆ ಕೇಳಿದೆ. ಅವಳು ‘ಇಟ್ಸ್ ಓಕೆ’ ಎಂದಳು. ಓಕೆ ಇರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆ ದಿನಗಳಲ್ಲಿ ನಿಮ್ಮ ಮೇಲೂ ಯಾರಾದರೂ ಕಾರಣವಿಲ್ಲದೆ ಹರಿಹಾಯ್ದಿದ್ದರೆ, ಅವರು ಎಷ್ಟು ದಿನದಿಂದ ಒಬ್ಬರೇ ಉಣ್ಣುತ್ತಿದ್ದರು ಎಂದು ಈಗಲಾದರೂ ಲೆಕ್ಕ ಹಾಕಿ ನೋಡಿ.

ನನ್ನನ್ನು ಅದರಿಂದ ಎಳೆದದ್ದು ಯೋಗದ ವಿಡಿಯೊ ಅಲ್ಲ, ಎಲ್ಲರೂ ಗಿರಗಿರ ತಿರುಗಿಸುತ್ತಿದ್ದ ಡಾಲ್ಗೋನಾ ಕಾಫಿಯೂ ಅಲ್ಲ. ಕೆಳಗಿನ ಮನೆಯ ಆಜಿ, ಅಂದರೆ ಮನೆ ಮಾಲೀಕರ ತಾಯಿ. ದಿನಾ ಮೆಟ್ಟಿಲ ಬುಡದಿಂದ ‘ಜೇವಲಾಸ್ ಕಾ?’ ಎಂದು ಕೂಗುತ್ತಿದ್ದರು. ಉಂಡೆಯಾ ಎಂದೇ ಅರ್ಥ. ನಾನು ಬಾಗಿಲ ಸಂದಿಯಿಂದ ‘ಹೋ ಆಜಿ’ ಎಂದು ಅಲ್ಲಿಯೂ ಅದೇ ಸುಳ್ಳು ಒಗೆಯುತ್ತಿದ್ದೆ. ಗಂಟಲು ಕಟ್ಟಿದ ಆ ಸೋಮವಾರ ಅವರು ಹೋಗಲಿಲ್ಲ. ‘ಆವಾಜ್ ಬಸಲಾಯ್ ತುಜಾ’ ಎಂದರು. ನಿನ್ನ ದನಿ ಕುಂತದ. ನಮ್ಮ ಕಡೆಯೂ ಹಾಗೇ ಅನ್ನುತ್ತಾರಲ್ಲ. ಸಂಜೆ ಮೆಟ್ಟಿಲ ಮೇಲೆ ಕೂಡು ಎಂದು ಆಜ್ಞೆಯಾಯಿತು. ಅವರು ಬಾಗಿಲಲ್ಲಿ, ನಾನು ಹನ್ನೆರಡನೆಯ ಮೆಟ್ಟಿಲಲ್ಲಿ. ಆರು ಅಡಿಗಿಂತ ಹೆಚ್ಚೇ ಇತ್ತು.

ಯಾವೂರು ಎಂದು ಕೇಳಿದರು. ಕರ್ನಾಟಕ, ಕನ್ನಡದವನು ಎಂದೆ. ಆಜಿಗೆ ಎಲ್ಲಿಲ್ಲದ ಖುಷಿ. ‘ಮೀ ಪಣ್ ಕನ್ನಡಚೀ!’ ನಾನೂ ಕನ್ನಡದವಳೇ! ನನಗೆ ಒಂದು ಕ್ಷಣ ಮೈ ಜುಮ್ಮೆಂದಿತು. ಆಮೇಲೆ ಹೊಳೆಯಿತು, ಇಲ್ಲಿಂದ ಸುಮಾರು 60 ಕಿ.ಮೀ. ದೂರ, ಇದೇ ಹೆದ್ದಾರಿಯ ಉತ್ತರಕ್ಕೆ, ಕನ್ನಡ ಎಂಬ ತಾಲ್ಲೂಕು ಕೇಂದ್ರವಿದೆ. ಅದು ಅವರ ತವರು. ತಪ್ಪು ತಿಳಿವಳಿಕೆಯನ್ನು ಸರಿಪಡಿಸಲು ಇಬ್ಬರಿಗೂ ಅರ್ಧ ಗಂಟೆ ಹಿಡಿಯಿತು. ನಾನು ಆ ವರ್ಷ ಮೊದಲ ಸಲ ಹೊಟ್ಟೆ ಹಿಡಿದು ನಕ್ಕೆ. ಅಂದಿನಿಂದ ಸಂಜೆ ಮೆಟ್ಟಿಲು ನಮ್ಮ ಕಟ್ಟೆ. ಅವರ ಭಾಕ್ರಿ ದೊಡ್ಡದೋ ನಮ್ಮ ಜೋಳದ ರೊಟ್ಟಿಯೋ ಎಂಬ ಜಗಳ ಇನ್ನೂ ಬಾಕಿ ಇದೆ.

ಮೇ 8ರ ಬೆಳಗ್ಗೆ ಸುದ್ದಿ ಬಂತು. ಜಾಲನಾದ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮಧ್ಯಪ್ರದೇಶದ ಕಾರ್ಮಿಕರು ಊರಿಗೆ ಹೋಗುವ ರೈಲು ಭುಸಾವಳದಲ್ಲಿ ಸಿಕ್ಕೀತೆಂದು ಹಳಿಗುಂಟ ನಡೆದಿದ್ದರು. ದಣಿದು, ರೈಲು ಓಡುತ್ತಿಲ್ಲವಲ್ಲ ಎಂದು ನಮ್ಮ ಜಿಲ್ಲೆಯ ಕರಮಾಡ ಹತ್ತಿರ ಹಳಿಯ ಮೇಲೆಯೇ ಮಲಗಿದರು. ನಸುಕಿನಲ್ಲಿ ಗೂಡ್ಸ್ ರೈಲು ಹಾಯ್ದು 16 ಜನ ಸತ್ತರು. ಹಳಿಯ ಮೇಲೆ ಚೆಲ್ಲಿದ್ದ ರೊಟ್ಟಿಗಳ ಚಿತ್ರ ನೀವೂ ನೋಡಿರುತ್ತೀರಿ. ಮೇ 1ರ ರಾತ್ರಿಯೇ ನಾಸಿಕ್‌ನಿಂದ ಭೋಪಾಲದ ಕಡೆಗೆ ಶ್ರಮಿಕ್ ರೈಲೊಂದು ಹೊರಟಿತ್ತು. ಇವರಿಗೆ ಅಂಥದ್ದು ಸಿಗಲಿಲ್ಲ.

ಅವತ್ತಿನಿಂದ ನನ್ನ ಬಾಯಿ ಮತ್ತೆ ಕಟ್ಟಿತು. ಕೈಗೆ ಸಂಬಳ ಬರುತ್ತಿದೆ, ತಲೆ ಮೇಲೆ ಫ್ಯಾನ್ ತಿರುಗುತ್ತಿದೆ. ನನಗ್ಯಾವ ದುಃಖ? ಹೇಳಿಕೊಂಡರೆ ಜನ ಉಗಿಯುವುದಿಲ್ಲವೇ? ಈ ನಾಚಿಕೆ ಒಳ್ಳೆಯದೆಂದೇ ಬಹಳ ದಿನ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಸತ್ತ 16 ಜನರಿಗೆ ನನ್ನ ಮೌನದಿಂದ ಏನೂ ಸಿಗಲಿಲ್ಲ. ಕೈಲಾದ ಹಣ ಕಳಿಸಿದ್ದು ಬೇರೆ ಮಾತು. ಮಾತು ನುಂಗಿದ್ದು ದಾನವಲ್ಲ. ಹೊರರಾಜ್ಯದಲ್ಲಿ ಒಳ್ಳೆಯ ಸಂಬಳಕ್ಕಿರುವ ನಮ್ಮಂಥವರ ರೋಗವೇ ಇದು ಎಂದು ನನ್ನ ಅಭಿಪ್ರಾಯ. ಊರಲ್ಲಿ ನಾವು ‘ಸೆಟ್ಲ್ ಆದವರು’. ಸೆಟ್ಲ್ ಆದವನಿಗೆ ಅಳುವ ಹಕ್ಕಿಲ್ಲ.

ಮೇ 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಪ್ರಕಟಿಸಿತು. ಆಗ ಇಲ್ಲಿನ ಸೋಂಕಿನ ಸಂಖ್ಯೆ ನೋಡಿದರೆ ಆ ಅಂಜಿಕೆ ಅರ್ಥವಾಗುವಂಥದ್ದೇ. ಅವ್ವನ ಸಕ್ಕರೆ ಕಾಯಿಲೆ ನೆನೆದು ನಾನೇ ಪಾಸಿಗೆ ಅರ್ಜಿ ಹಾಕಿರಲಿಲ್ಲ. ಆದರೂ ‘ಮಹಾರಾಷ್ಟ್ರದವರು’ ಎಂಬ ಮಾತಿನಲ್ಲಿ ನಾನೂ ಸೇರಿದ್ದೇನೆ ಎಂದು ತಿಳಿದ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಏಳೂವರೆಗೆ ಫೋನ್ ಬಂದಾಗ ಬಾಯಿ ತಪ್ಪಿತು.

‘ಆರಾಮ ಇಲ್ಲ ಬೇ.’

ಆ ಕಡೆ ಸದ್ದಿಲ್ಲ. ನೆಟ್‌ವರ್ಕ್ ಹೋಯಿತೇ ಎಂದು ಸ್ಕ್ರೀನ್ ನೋಡಿದೆ.

‘ನಾನೂ ಎಲ್ಲಿ ಆರಾಮ ಅದೀನೋ ತಮ್ಮಾ’ ಎಂದಳು.

ಎರಡು ತಿಂಗಳಿಂದ ಅವಳು ರಾತ್ರಿ ರೊಟ್ಟಿಯನ್ನೇ ಬಡಿದಿರಲಿಲ್ಲ. ‘ಒಬ್ಬಾಕಿಗೆ ಏನ್ ಒಲಿ ಹಚ್ಚೂದು’ ಎಂದು ಚಹಾದಲ್ಲಿ ಬಿಸ್ಕೀಟು ಅದ್ದಿ ತಿಂದು ಮಲಗುತ್ತಿದ್ದಳು. ಸಕ್ಕರೆ ಕಾಯಿಲೆಯವಳು. ದಿನಾ ನನಗೆ ‘ಉಂಡ್ಯೇನೋ’ ಎಂದು ಕೇಳುತ್ತಿದ್ದವಳು. ಅಂದು ರಾತ್ರಿಯೇ ಬಾಗಲಕೋಟೆಯ ಅಕ್ಕನಿಗೆ ಫೋನ್ ಮಾಡಿದೆ. ಒಂದು ವಾರದೊಳಗೆ ಅವ್ವ ಅಕ್ಕನ ಮನೆ ಸೇರಿದಳು. ನನ್ನ ಒಂದು ಸುಳ್ಳು ಅವಳ ಒಂದು ಸುಳ್ಳನ್ನು ಎರಡು ತಿಂಗಳು ಕಾಪಾಡಿತ್ತು.

ಆ ದಿನಗಳಲ್ಲಿ ಎಲ್ಲೆಡೆ ಕೇಳುತ್ತಿದ್ದ ಮಾತು ‘ಸಾಮಾಜಿಕ ಅಂತರ’. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ ಅದನ್ನು ಬಿಟ್ಟು ‘ದೈಹಿಕ ಅಂತರ’ ಎನ್ನತೊಡಗಿತು. ನಾವು ಮಾತ್ರ ಮೊದಲಿನದನ್ನೇ ಉಳಿಸಿಕೊಂಡೆವು. ಸಾಮಾಜಿಕ ಅಂತರ ಎಂದರೇನೆಂದು ನಮ್ಮ ಹಳ್ಳಿಗಳ ಕೇರಿಗಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಅದು ಬೇರೆಯೇ ಲೇಖನವಾದೀತು. ಆದರೆ ಹೆಸರು ತಪ್ಪಾದರೆ ಕೆಲಸವೂ ತಪ್ಪುತ್ತದೆ. ಪ್ರೋಗ್ರಾಂ ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು. ವೈರಸ್‌ಗೆ ಬೇಕಿದ್ದದ್ದು ಆರು ಅಡಿ. ಉಳಿದದ್ದನ್ನು ನಾವೇ ಸೇರಿಸಿದೆವು. ಸಾಂಕ್ರಾಮಿಕದ ಮೊದಲ ವರ್ಷ ಜಗತ್ತಿನಲ್ಲಿ ಆತಂಕ, ಖಿನ್ನತೆ ಶೇ 25ರಷ್ಟು ಹೆಚ್ಚಾದವು ಎಂದು ಅದೇ ಸಂಸ್ಥೆ 2022ರಲ್ಲಿ ಹೇಳಿತು.

2021ರಲ್ಲಿ ಕೆಲಸ ನನ್ನನ್ನು ನಾಸಿಕ್‌ಗೆ ಕಳಿಸಿತು, ಎರಡನೆಯ ಅಲೆಯ ನಡುವಿಗೆ. ಏಪ್ರಿಲ್ 21ರಂದು ಅಲ್ಲಿನ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಟ್ಯಾಂಕ್ ಸೋರಿ 22 ರೋಗಿಗಳು ಸತ್ತರು. ಊರಿಗೆ ಊರೇ ಉಸಿರು ಬಿಗಿಹಿಡಿದಿತ್ತು. ನಮ್ಮದೊಂದು ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿತ್ತು, 42 ಜನ. ಬೆಳಗಾದರೆ ಶುಭೋದಯದ ಚಿತ್ರ, ಸಂಜೆ ಕಷಾಯದ ವಿಡಿಯೊ. ಅದರಲ್ಲೊಬ್ಬರ ತಂದೆ ಧಾರವಾಡದಲ್ಲಿ ತೀರಿಕೊಂಡರು, ಇವರಿಗೆ ಹೋಗಲಾಗಲಿಲ್ಲ. ನಮಗೆ ತಿಳಿದದ್ದು ಒಂಬತ್ತು ದಿನದ ಮೇಲೆ. ಅಷ್ಟೂ ದಿನ ಆ ಮನುಷ್ಯ ನಮ್ಮ ಶುಭೋದಯಗಳಿಗೆ ಕೈಮುಗಿಯುವ ಚಿಹ್ನೆ ಹಾಕುತ್ತಲೇ ಇದ್ದರು.

ಆಮೇಲೆ ಮೂವರು ಕೂಡಿ ಒಂದು ಪಟ್ಟಿ ಮಾಡಿದೆವು. ಪ್ರತಿಯೊಬ್ಬರೂ ವಾರಕ್ಕೊಮ್ಮೆ ಒಬ್ಬರಿಗೆ ಫೋನ್ ಮಾಡಬೇಕು, ಮುಂದಿನ ವಾರ ಬೇರೆಯವರಿಗೆ. ನಿಯಮ ಒಂದೇ: ‘ಆರಾಮಾ?’ ಎಂದು ಕೇಳಬಾರದು. ಆ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಿರುತ್ತದೆ. ನಿನ್ನೆ ರಾತ್ರಿ ಏನು ಉಂಡಿರಿ, ಯಾರ ಹತ್ತಿರ ಮಾತಾಡಿದಿರಿ ಎಂದು ಕೇಳಬೇಕು. ಅಕ್ಟೋಬರ್‌ವರೆಗೆ ನಡೆಯಿತು. ಆಫೀಸುಗಳು ತೆರೆದವು, ಪಟ್ಟಿ ಅಲ್ಲಿಗೇ ನಿಂತಿತು. ನಿಲ್ಲಿಸಿದವರಲ್ಲಿ ನಾನೂ ಒಬ್ಬ.

ಅದನ್ನು ಮತ್ತೆ ಶುರುಮಾಡಬೇಕೆಂದು ಆ ಹಾಸನದ ಹುಡುಗ ನೆನಪಿಸಿದ. ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಹೋಳಿಗೆ ಊಟ ಹಾಕುತ್ತವೆ, ಸಂತೋಷ. ಊಟಕ್ಕೆ ಬಾರದವರು ಯಾರು ಎಂದು ನೋಡುವ ಸಮಿತಿ ಯಾವ ಸಂಘದಲ್ಲಿದೆ? ಮನೆಯಿಂದ ಕೆಲಸ ಮಾಡಿಸುವ ಕಂಪನಿಗಳು ನಮ್ಮ ಕೀಲಿಮಣೆ ಎಷ್ಟು ಹೊತ್ತು ಸುಮ್ಮನಿತ್ತು ಎಂದು ಲೆಕ್ಕ ಇಡಬಲ್ಲವು, ಬಾಯಿ ಎಷ್ಟು ದಿನ ಸುಮ್ಮನಿತ್ತು ಎಂಬ ಲೆಕ್ಕ ಅವಕ್ಕೆ ಬೇಡ. ಅವುಗಳಿಂದ ನನಗೆ ಹೆಚ್ಚಿನ ನಿರೀಕ್ಷೆಯೂ ಇಲ್ಲ. ಪರಿಸ್ಥಿತಿ ಕೈಮೀರಿದೆ ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿಯಿದೆ, 14416. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಎನ್ನದೆ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಪರಭಾಷೆಯ ಊರಲ್ಲಿ ಸಂಕಟವನ್ನು ಹಿಂದಿಗೆ ಅನುವಾದಿಸಿ ಹೇಳುವುದಿದೆಯಲ್ಲ, ಅದೊಂದು ಬೇರೆಯೇ ಕಷ್ಟ.

ಆ ಹುಡುಗ ಐದು ನಿಮಿಷ ಎಂದವನು ಐವತ್ತು ನಿಮಿಷ ಮಾತಾಡಿದ. ಅರ್ಧ ಮಾತು ಅವನ ತಾಯಿಯ ಅಕ್ಕಿ ರೊಟ್ಟಿಯ ಬಗ್ಗೆ. ತಾಯಿಗೆ ಏನು ಹೇಳಿದ್ದೀಯ ಎಂದು ಕೇಳಿದೆ. ‘ಚೆನ್ನಾಗಿದ್ದೀನಿ ಅಂತ’ ಎಂದ. ಈ ಶನಿವಾರ ಬಸ್ ಹತ್ತಿ ಇಲ್ಲಿಗೆ ಬಾ ಎಂದಿದ್ದೇನೆ. ಸಂಭಾಜಿನಗರದ ಬಸ್ ನಿಲ್ದಾಣದಲ್ಲಿ ‘ಕನ್ನಡ’ ಎಂದು ಬೋರ್ಡ್ ಹಾಕಿಕೊಂಡು ನಿಂತ ಬಸ್ ತೋರಿಸಬೇಕು. ನಂಬಲಿಲ್ಲ ಅವನು.