ಬೆಳಕು ಮೀನುಗಾರಿಕೆಯನ್ನು ಬಂದರಿನಲ್ಲೇ ತಡೆಯಿರಿ



ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧವನ್ನು ಮಂಗಳೂರು, ಮಲ್ಪೆ, ಕಾರವಾರದ ಯಾಂತ್ರಿಕ ದೋಣಿಗಳವರು ಬಹುಮಟ್ಟಿಗೆ ಪಾಲಿಸುತ್ತಾರೆ. ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿದ, ಪ್ರಖರ ದೀಪ ಉರಿಸಿ ಮೀನುಗಳನ್ನು ಸೆಳೆದು ಹಿಡಿಯುವ ಬೆಳಕು ಮೀನುಗಾರಿಕೆ ಮಾತ್ರ ನಿಂತಿಲ್ಲ. ಮಳೆಗಾಲದಲ್ಲಿ ದಡದಲ್ಲಿ ಕಟ್ಟಿದ ದೋಣಿ ಎಲ್ಲರ ಕಣ್ಣಿಗೂ ಬೀಳುತ್ತದೆ. ನಡುರಾತ್ರಿ ಆಳಕಡಲಲ್ಲಿ ಉರಿಯುವ ದೀಪವನ್ನು ಬೆನ್ನಟ್ಟುವುದು ಕಷ್ಟ, 12 ನಾಟಿಕಲ್ ಮೈಲಿಯಾಚೆ ರಾಜ್ಯದ 1986ರ ಕಡಲ ಮೀನುಗಾರಿಕೆ ಕಾಯ್ದೆಯೂ ತಲುಪದು. ಆದ್ದರಿಂದ ತಪಾಸಣೆ ಬಂದರಿನಲ್ಲೇ ಆಗಲಿ. ಜನರೇಟರ್, ದೀಪಗಳ ಸಾಲು ಸುಲಭವಾಗಿ ಬಚ್ಚಿಡುವಂಥವಲ್ಲ. ಅವು ಕಂಡ ದೋಣಿಯ ಪರವಾನಗಿ ನವೀಕರಣವನ್ನೂ ತೆರಿಗೆ ವಿನಾಯಿತಿಯ ಡೀಸೆಲನ್ನೂ ತಡೆಹಿಡಿಯಬೇಕು. ಭೀಮಾ ತೀರದ ನಮಗೆ ಕಡಲು ದೂರ, ಆದರೆ ಆ ವಿನಾಯಿತಿಯ ಹೊರೆ ಇಡೀ ರಾಜ್ಯದ್ದು.

ಸಾಲ ಮಾಡಿ ದೋಣಿ ಕಟ್ಟಿಸಿದವರ ಗತಿಯೇನು, ನೆರೆರಾಜ್ಯದವರು ಬಾಚುವಾಗ ನಾವೇಕೆ ಸುಮ್ಮನಿರಬೇಕು ಎಂಬ ಆಕ್ಷೇಪವಿದೆ. ಸಾಲದ ಸಂಕಟ ನಿಜ. ಆದರೆ ಬೆಳಕಿಗೆ ಮರಿಗಳೂ ಮುತ್ತುತ್ತವೆ. ಬೂತಾಯಿ, ಬಂಗುಡೆ ಬೆಳೆಯುವ ಮೊದಲೇ ಬಲೆಗೆ ಬಿದ್ದರೆ ಮುಂದಿನ ವರ್ಷದ ಕಂತು ಕಟ್ಟುವುದು ಹೇಗೆ? ನಾಡದೋಣಿಯವರಂತೂ ಅದಕ್ಕೂ ಮೊದಲೇ ಬರಿಗೈಯಾಗುತ್ತಾರೆ. ನೆರೆಯವರ ತಪ್ಪಿಗೆ ಕೇರಳ, ಗೋವಾ ಬಂದರುಗಳಲ್ಲೂ ಇದೇ ತಪಾಸಣೆ ನಡೆಸುವಂತೆ ರಾಜ್ಯ ಸರ್ಕಾರ ಕೇಂದ್ರವನ್ನು ಒತ್ತಾಯಿಸಲಿ.

— ಓದುಗ, ಮಣ್ಣೂರ, ಅಫಜಲಪುರ ತಾಲ್ಲೂಕು