ಮದ್ದಿನ ಕೋಣೆಗೆ ಎಲ್‌ಇಡಿ ಬಲ್ಬ್ ಹಾಕಿದರೆ ಸಾಕೇ?

ಬಂಡೂರು ಇರುವ ಮಳವಳ್ಳಿ ತಾಲ್ಲೂಕಿಗೆ ಕಾಡಂಚೂ ಇದೆ, ಹಂದಿ ಕಾಟವೂ ಇದೆ. ಕೋವಿ ಮದ್ದು ಇಟ್ಟ ಕೋಣೆಗೆ ಎಲ್‌ಇಡಿ ಬಲ್ಬ್ ಸಾಕು, ಬೆಂಕಿ ಬಿದ್ದರೆ ಗೋಣಿಚೀಲ ಹೊದಿಸಿದರಾಯಿತು ಎಂದು ನಂಬುವವರಿದ್ದಾರೆ. ಮೊದಲನೆಯದು ಅರ್ಧ ಸತ್ಯ, ಎರಡನೆಯದು ಪೂರ್ತಿ ತಪ್ಪು.

ಎಲ್‌ಇಡಿ ಹಳೆಯ ಬಲ್ಬಿನಷ್ಟು ಬಿಸಿಯಾಗುವುದಿಲ್ಲ, ನಿಜ. ಆದರೆ ಸ್ವಿಚ್ ಒತ್ತಿದಾಗ ಒಳಗೆ ಕಿಡಿ ಹಾರುತ್ತದೆ, ಸಡಿಲವಾದ ವೈರಿನಲ್ಲೂ ಹಾರುತ್ತದೆ. ಚೆಲ್ಲಿದ ಮದ್ದಿಗೆ ಅಷ್ಟು ಸಾಕು. ಹಳೆಯ ಯುದ್ಧನೌಕೆಗಳಲ್ಲಿ ದೀಪವನ್ನು ಪಕ್ಕದ ಕೋಣೆಯಲ್ಲಿಟ್ಟು, ಗಾಜಿನ ಮೂಲಕ ಮದ್ದಿನ ಕೋಣೆಗೆ ಬೆಳಕು ಬಿಡುತ್ತಿದ್ದರು!

ಸೌದೆ ಉರಿಯಲು ಗಾಳಿ ಬೇಕು. ಕರಿಮದ್ದಿಗೆ ಬೇಡ: ಅದರಲ್ಲಿರುವ ಪೆಟ್ಲುಪ್ಪೇ ಆಮ್ಲಜನಕ ಒದಗಿಸುತ್ತದೆ. ಹಾಗಾಗಿ ಮುಚ್ಚಿದರೆ ಆರುವುದಿಲ್ಲ; ಹೊದಿಸಲು ಹೋದವರ ಕೈ, ಮುಖ ಸುಡುತ್ತದೆ. ಎಲ್ಲರೂ ಹೊರಗೆ ಓಡಿ, ದೂರದಿಂದ 112ಕ್ಕೆ ಕರೆ ಮಾಡಬೇಕು.

ಅಂತರ ಎಷ್ಟು ಮುಖ್ಯ ಎಂಬುದಕ್ಕೆ ಕಾಸರಗೋಡು ಜಿಲ್ಲೆಯ ನೀಲೇಶ್ವರ ನೋಡಿ. 2024ರ ಅಕ್ಟೋಬರ್ 28ರ ರಾತ್ರಿ ದೈವದ ಉತ್ಸವದಲ್ಲಿ ಹಚ್ಚಿದ ಪಟಾಕಿಯ ಕಿಡಿ, ಹತ್ತಿರದಲ್ಲೇ ಪಟಾಕಿ ಕೂಡಿಟ್ಟಿದ್ದ ಶೆಡ್ಡಿಗೆ ಬಿತ್ತು. 150ಕ್ಕೂ ಹೆಚ್ಚು ಜನ ಗಾಯಗೊಂಡರು, ಕೆಲವರು ಬಳಿಕ ತೀರಿಕೊಂಡರು. ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳಿಗೆ ದಪ್ಪ ಗೋಡೆ ಇರುವುದು ಸುಮ್ಮನೆ ಅಲ್ಲ. (2017ರಲ್ಲಿ ರೈಲು ಹಳಿಗಾಗಿ ಇಡಿಯಾಗಿ ಸರಿಸಿದ್ದು ಇಂಥದ್ದೇ ಒಂದನ್ನು.)

ಇನ್ನು, ಮನೆಯಲ್ಲಿ ತೋಟಾ ತುಂಬಿಸುವುದು? 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಕೆಗೆ ಬೇರೆಯೇ ಪರವಾನಗಿ ಬೇಕು. ಬೆಳೆ ಕಾಯುವ ಕೋವಿಯ ಲೈಸೆನ್ಸ್ ಅದಕ್ಕೆ ಸಾಲದು. ಲೈಸೆನ್ಸ್ ಇರುವವರೂ ಮದ್ದನ್ನು ಅಡುಗೆಮನೆ, ದೇವರ ದೀಪದಿಂದ ದೂರವಿಟ್ಟು, ಹಗಲು ಬೆಳಕಿನಲ್ಲೇ ಮುಟ್ಟಬೇಕು. ಬೀಡಿ, ಮೊಬೈಲ್ ಎರಡೂ ಹೊರಗಿರಲಿ.