ಬಾಗಿಲಲ್ಲಿ ಕರಗುವ ಎಕ್ಸ್‌ಚೇಂಜ್ ಬೆಲೆ

ಜಿಲ್ಲಾ ಸ್ಟ್ರಿಂಜರ್‌ಗಳಾದ ನಮಗೆ ಮೊಬೈಲೇ ಕ್ಯಾಮೆರಾ, ಮೊಬೈಲೇ ಕಚೇರಿ. ಹಾಗಾಗಿ ಎಕ್ಸ್‌ಚೇಂಜ್ ಆಫರ್ ಕಂಡರೆ ಆಸೆಪಡುತ್ತೇವೆ. ಜಾಹೀರಾತಿನಲ್ಲಿ ‘ಇಷ್ಟು ಸಾವಿರದವರೆಗೆ ಕಡಿತ’ ಎಂದಿರುತ್ತದೆ. ಮೋಸವೆಲ್ಲ ಆ ‘ವರೆಗೆ’ಯಲ್ಲೇ ಇದೆ. ಐಎಂಇಐ ನಂಬರ್ ಕೊಟ್ಟು, ಆ್ಯಪ್ ಕೇಳಿದ್ದಕ್ಕೆಲ್ಲ ಉತ್ತರಿಸಿ, ಫೋಟೊಗಳನ್ನೆಲ್ಲ ಅಳಿಸಿ ಕಾದರೆ, ಡೆಲಿವರಿ ಹುಡುಗ ಗೀರೊಂದನ್ನು ತೋರಿಸಿ ‘ಇದು ಆಗಲ್ಲ ಸರ್, ಪೂರ್ತಿ ದುಡ್ಡು ಕೊಡಿ’ ಎನ್ನುತ್ತಾನೆ. ಅವನನ್ನು ಬೈದು ಫಲವಿಲ್ಲ. ನಿಯಮ ಬರೆದವನು ಅವನಲ್ಲ.

ಒಂದನ್ನು ತೋರಿಸಿ ಇನ್ನೊಂದನ್ನು ದಾಟಿಸುವುದು ಕೇಂದ್ರದ 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಂತೆ ನಿಷಿದ್ಧ. ಯಾವ ಗೀರಿಗೆ ಎಷ್ಟು ಕಡಿತವೆಂದು ಆರ್ಡರ್‌ಗೆ ಮುಂಚೆಯೇ ಬರೆದು ತೋರಿಸಲಿ. ತೋರಿಸದಿದ್ದರೆ ಗೊಣಗಿ ಸುಮ್ಮನಾಗಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ನಿಮ್ಮದೇ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ಈ ‘ವರೆಗೆ’ ಮಾತ್ರ ನಿಜ.